5600ಜಿ ಪಿಸಿಗೆ ಯಾವ ರ‍್ಯಾಮ್ ತಗೊಳ್ಳಲಿ?

ಪ್ರಶ್ನೆ: ಗುರುಗಳೇ, ಮನೇಲೇ ಪಿಸಿ ಜೋಡಿಸ್ತಿದೀನಿ, ರೈಜನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡಿಗೆ ಸದ್ಯಕ್ಕೆ ದುಡ್ಡಿಲ್ಲ. ಅಂಗಡಿಯವ್ರು 16 ಜಿಬಿದು ಒಂದೇ ಸ್ಟಿಕ್ ತಗೋ ಆಮೇಲೆ ಇನ್ನೊಂದು ಹಾಕ್ಕೋಬೋದು ಅಂತಾರೆ, ಫ್ರೆಂಡು ಹೊಸ ಪೀಳಿಗೆದು ಡಿಡಿಆರ್5 ತಗೋ ಅಂತಾನೆ, ತಲೆ ಕೆಟ್ಟೋಗಿದೆ.

ಉತ್ತರ 1: ಡಿಡಿಆರ್5 ನಿಮ್ ಬೋರ್ಡಿಗೆ ಕೂರೋದೇ ಇಲ್ಲ ಮಾರಾಯ್ರೆ, ಕೆಳಗಿರೋ ಕಚ್ಚೇ ಬೇರೆ ಜಾಗದಲ್ಲಿರತ್ತೆ. ಡಿಡಿಆರ್4, 3200 ಸ್ಪೀಡಿಂದು, 8 ಜಿಬಿದು ಎರಡಿರೋ ಕಿಟ್ ತಗೊಳ್ಳಿ. ಕಾರ್ಡ್ ಇಲ್ಲ ಅಂದ್ಮೇಲೆ ಒಳಗಿನ ಗ್ರಾಫಿಕ್ಸು ಇದೇ ರ‍್ಯಾಮನ್ನೇ ತಿನ್ನತ್ತೆ, ಒಂದೇ ಸ್ಟಿಕ್ಕಾದ್ರೆ ಸಿಂಗಲ್ ಚಾನೆಲ್, ಅಂದ್ರೆ ಡೇಟಾ ಓಡಾಡೋಕೆ ಒಂದೇ ದಾರಿ, ಗೇಮ್ ಹಾಕಿದ ತಕ್ಷಣ ನಿಧಾನ ಆಗೋದು ಗೊತ್ತಾಗ್ಬಿಡತ್ತೆ.

ಉತ್ತರ 2: ಹೌದು. ನಾಲ್ಕು ಸ್ಲಾಟಿದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತೆ 4ನೇದಕ್ಕೆ ಹಾಕಿ, ಎರಡೂ ಕಡೆ ಟಕ್ ಅನ್ನೋವರ್ಗೂ ಒತ್ತಿ. ಆಮೇಲೆ ಬಯಾಸಲ್ಲಿ (ಬೋರ್ಡಿನ ಸೆಟ್ಟಿಂಗ್ಸಲ್ಲಿ) ಎಕ್ಸ್‌ಎಂಪಿ ಆನ್ ಮಾಡಿ, ಆಗ್ಲೇ ರ‍್ಯಾಮ್ ಪೂರ್ತಿ ಸ್ಪೀಡಲ್ಲಿ ಓಡೋದು, ನಾನು ಮರ್ತು ಆರ್ ತಿಂಗ್ಳು 2400ರಲ್ಲೇ ಓಡ್ಸಿದೀನಿ, ಟಾಸ್ಕ್ ಮ್ಯಾನೇಜರ್ ನೋಡಿದಾಗ್ಲೇ ಗೊತ್ತಾಗಿದ್ದು, ಥೂ.

ಪ್ರಶ್ನೆ ಕೇಳಿದವನು: ನಂದ್ರಲ್ಲಿ ಎರಡೇ ಸ್ಲಾಟು. ಮುಂದೆ 32 ಬೇಕಂದ್ರೆ ಎರಡೂ ತೆಗೀಬೇಕಾ?

ಉತ್ತರ 1: ಹೂಂ, ತೆಗೆದು ಮಾರ್ಬಿಡಿ. ಹಳೇ ರ‍್ಯಾಮಿಗೆ ಗಿರಾಕಿ ಸಿಕ್ಕೇ ಸಿಗ್ತಾರೆ.