ಟ್ರಯಂಫ್ ಸ್ಪಿಟ್‌ಫೈರ್: ಎಂಜಿನ್ ಅನ್ನು ಸೀಟಿನ ಹಿಂದಕ್ಕೆ ತರಬಹುದೇ?

ಕವೆಂಟ್ರಿ ಕನ್ನಡಿಗ

ನನ್ನ ಬಳಿ 1976ರ ಟ್ರಯಂಫ್ ಸ್ಪಿಟ್‌ಫೈರ್ 1500 ಇದೆ, ಮುಂದೆ ಎಂಜಿನ್ ಇರುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನಾನಿರುವ ಬ್ರಿಟನ್ನಿನ ಇದೇ ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ಹುಟ್ಟಿದ ಕಾರು. ಬಾಡಿ, ಷಾಸಿ (ಕಾರನ್ನು ಹೊರುವ ತಳದ ಚೌಕಟ್ಟು) ಎರಡೂ ಗಟ್ಟಿಯಾಗಿವೆ, ಎಂಜಿನ್ ಮಾತ್ರ ತೇದು ಮುಗಿದಿದೆ. ಈಚೆಗೆ ತುಕ್ಕು ತಿಂದ ಒಂದು ಎಂಜಿಎಫ್ (ಸೀಟಿನ ಹಿಂದೆ ಎಂಜಿನ್ ಇರುವ ಸ್ಪೋರ್ಟ್ಸ್ ಕಾರು) ಅಗ್ಗಕ್ಕೆ ಸಿಕ್ಕಿತು. 1.8 ಲೀಟರಿನ ಕೆ-ಸೀರೀಸ್ ಎಂಜಿನ್, ಗೇರ್‌ಬಾಕ್ಸ್, ಅವನ್ನು ಹೊತ್ತ ಹಿಂದಿನ ಸಬ್‌ಫ್ರೇಮ್ (ಉಪಚೌಕಟ್ಟು) ಎಲ್ಲವೂ ಒಂದೇ ಗಂಟಾಗಿ ಕಳಚಿ ಬರುತ್ತವೆ. ಅದನ್ನು ಇಡಿಯಾಗಿ ಸ್ಪಿಟ್‌ಫೈರ್‌ನ ಸೀಟುಗಳ ಹಿಂದೆ ಕೂರಿಸಬೇಕೆಂಬುದು ನನ್ನ ಆಸೆ. ಈ ಕಾರಿನ ಷಾಸಿ ಪ್ರತ್ಯೇಕ. ಬೋಲ್ಟ್ ಬಿಚ್ಚಿದರೆ ಬಾಡಿಯನ್ನು ಎತ್ತಿ ಪಕ್ಕಕ್ಕಿಡಬಹುದು. ಹಿಂಭಾಗವನ್ನು ಕತ್ತರಿಸಿ ಉಕ್ಕಿನ ಕೊಳವೆಗಳಿಂದ ಹೊಸದಾಗಿ ಬೆಸೆಯುತ್ತೇನೆ. ಹುಬ್ಬಳ್ಳಿಯಲ್ಲಿ ಅಪ್ಪನ ವರ್ಕ್‌ಶಾಪಿನಲ್ಲಿ ಟ್ರೈಲರ್‌ಗಳನ್ನು ಬೆಸೆಯುತ್ತಲೇ ಬೆಳೆದವನು ನಾನು, ಬೆಸುಗೆಯ ಬಗ್ಗೆ ಚಿಂತೆಯಿಲ್ಲ.

ತಿರುವಿನಲ್ಲಿ ಹಿಂದಿನ ಚಕ್ರಗಳಿಗೆ ಹಿಡಿತ ಸಾಲದು, ಅವುಗಳ ಮೇಲೆ ಭಾರ ಬಿದ್ದರೆ ಹೆಚ್ಚೀತು ಎಂಬುದೇ ಈ ಯೋಚನೆಗೆ ಮೂಲ. ಅಳತೆ ಹಿಡಿದು ಮಾತಾಡಬಲ್ಲವರ ಉತ್ತರ ಬೇಕು. ಬರೀ ‘ಬೇಡ ಬಿಡಿ’ ಎಂಬ ಮಾತು ಸಾಕಷ್ಟು ಕೇಳಿದ್ದೇನೆ.

ಷಾಸಿ ವಿನ್ಯಾಸಕ

ಅಳತೆಯಿಂದಲೇ ಶುರು ಮಾಡೋಣ. ಸ್ಪಿಟ್‌ಫೈರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.11 ಮೀಟರ್, ಎಂಜಿಎಫ್‌ನದು ಸುಮಾರು 2.37. ಈ ಕಾಲು ಮೀಟರಿನಲ್ಲೇ ನಿಮ್ಮ ಇಡೀ ಯೋಜನೆ ಸಿಕ್ಕಿಕೊಂಡಿದೆ. ಸ್ಪಿಟ್‌ಫೈರ್‌ನಲ್ಲಿ ಚಾಲಕ ಹಿಂದಿನ ಚಕ್ರಕ್ಕೆ ಹತ್ತಿಕೊಂಡಂತೆಯೇ ಕೂರುತ್ತಾನೆ. ಬೆನ್ನ ಹಿಂದೆ ಇರುವುದು ಪೆಟ್ರೋಲ್ ಟ್ಯಾಂಕ್, ಅದರಾಚೆಗೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಮತ್ತು ಅದರ ನೆತ್ತಿಯ ಮೇಲೆ ಅಡ್ಡಲಾದ ಪಟ್ಟಿ ಸ್ಪ್ರಿಂಗ್. ಎಂಜಿನ್ ಅಲ್ಲಿಗೆ ಬಂದರೆ ಕೂತವರು ಮುಂದಕ್ಕೆ ಸರಿಯಲೇಬೇಕು. ಎಂಜಿನ್ ಹೋದ ಜಾಗಕ್ಕೆ ಕಾಲು ಚಾಚಬಹುದಲ್ಲ ಎಂದು ನೀವು ಕೇಳಬಹುದು. ಕಾಲಿಗೆ ಜಾಗ ಸಿಗುತ್ತದೆ, ನಿಜ. ಆದರೆ ಬಾಗಿಲು, ಮುಂದಿನ ಗಾಜು ಎರಡೂ ಇದ್ದಲ್ಲೇ ಇರುತ್ತವೆ. ಗಾಜಿನ ಚೌಕಟ್ಟು ಹಣೆಗೆ ತಾಗುವಷ್ಟು ಹತ್ತಿರ ಬರುತ್ತದೆ, ಹತ್ತುವಾಗ ಬಾಗಿಲು ಬೆನ್ನ ಹಿಂದೆ ಉಳಿಯುತ್ತದೆ.

ಫಿಯೆಟ್ ಎಕ್ಸ್ 1/9 ಇದನ್ನು 2.2 ಮೀಟರಿನಲ್ಲೇ ಸಾಧಿಸಿತು. ಫಿಯೆಟ್ 128ರ ಮುಂಚಕ್ರ ಚಾಲನೆಯ ಎಂಜಿನ್ ಮತ್ತು ಗೇರ್‌ಬಾಕ್ಸ್ ಅನ್ನು ಸೀಟಿನ ಹಿಂದೆ ಅಡ್ಡಡ್ಡ ಇಟ್ಟರು. ಆದರೆ ಅಲ್ಲಿ ಬಾಗಿಲು, ಗಾಜು, ಟ್ಯಾಂಕ್, ಹೆಚ್ಚುವರಿ ಚಕ್ರ ಎಲ್ಲವೂ ಮೊದಲ ಗೆರೆಯಿಂದಲೇ ಆ ಲೆಕ್ಕದಲ್ಲಿ ಕೂತಿದ್ದವು.

ಅಗಲದ ತಕರಾರು ಬೇರೆ. ಎಂಜಿಎಫ್‌ನ ಹಿಂದಿನ ಎರಡು ಚಕ್ರಗಳ ನಡುಗೆರೆಗಳ ಅಂತರವೇ ಸುಮಾರು 1.4 ಮೀಟರ್, ಟೈರುಗಳ ಅಗಲ ಸೇರಿದರೆ 1.6. ನಿಮ್ಮ ಕಾರಿನ ಒಟ್ಟು ಅಗಲವೇ 1.5 ಮೀಟರ್ ಮುಟ್ಟುವುದಿಲ್ಲ. ಸಬ್‌ಫ್ರೇಮ್ ಕತ್ತರಿಸಿ ಕಿರಿದು ಮಾಡಬೇಕು, ಇಲ್ಲವೇ ಹಿಂದಿನ ಮಡ್‌ಗಾರ್ಡ್‌ಗಳನ್ನು ಉಬ್ಬಿಸಬೇಕು. ಎಂಜಿಎಫ್‌ನ ಹೈಡ್ರಾಗ್ಯಾಸ್ ಘಟಕಗಳು (ಸ್ಪ್ರಿಂಗ್ ಬದಲು ದ್ರವ, ಅನಿಲ ತುಂಬಿದವು) ಹಿಂದೆ-ಮುಂದೆ ಜೋಡಿಯಾಗಿ ಕೆಲಸ ಮಾಡುವಂಥವು, ಹಿಂದಿನದನ್ನಷ್ಟೇ ತಂದರೆ ಪ್ರಯೋಜನವಿಲ್ಲ. ಸುರುಳಿ ಸ್ಪ್ರಿಂಗ್ ಹಾಕಬೇಕು. ಮುಂದಿನ ಭಾರ ಇಳಿದ ಮೇಲೆ ಮುಂದಿನ ಸ್ಪ್ರಿಂಗ್‌ಗಳನ್ನೂ ಮೆದು ಮಾಡಬೇಕು, ಬ್ರೇಕ್‌ನ ಹಂಚಿಕೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಎಂದಾದರೆ ನೀರಿನ ಕೊಳವೆಗಳು ನೆಲದಡಿ ಕಾರಿನುದ್ದಕ್ಕೂ ಓಡಬೇಕು. ಅದರಲ್ಲಿ ಗಾಳಿ ಸಿಕ್ಕಿಕೊಂಡರೆ ಕೆ-ಸೀರೀಸ್‌ನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲು) ಅದನ್ನು ಸಹಿಸುವುದಿಲ್ಲ.

ಇಷ್ಟಾಗಿಯೂ ಮಾಡುವುದಾದರೆ ದಾರಿ ಒಂದೇ: ಬಾಗಿಲಿನ ಹಿಂದೆ ಬಾಡಿಯನ್ನು ಕತ್ತರಿಸಿ, ಕಾಲು ಮೀಟರ್ ಉದ್ದ ಮಾಡುವುದು.

ಮೈಸೂರು ಗ್ಯಾರೇಜ್

ಇದಕ್ಕೆ ಒಳ್ಳೆಯ ಉದಾಹರಣೆ 1980ರ ರೆನೋ 5 ಟರ್ಬೊ. ಮುಂದೆ ಎಂಜಿನ್ ಇದ್ದ ಸಾಧಾರಣ ಸಣ್ಣ ಕಾರಿನ ಹಿಂದಿನ ಸೀಟು ಕಿತ್ತು, ಅಲ್ಲಿ 1397 ಸಿಸಿಯ ಟರ್ಬೊ ಎಂಜಿನ್ ಇಟ್ಟು ಹಿಂದಿನ ಚಕ್ರಗಳನ್ನು ಓಡಿಸಿದರು. ಹಿಂದಿನ ಸೀಟು ಎಂಬುದೊಂದು ಇದ್ದದ್ದರಿಂದ ಅದು ಸಾಧ್ಯವಾಯಿತು. ಎರಡೇ ಸೀಟಿನ ಸ್ಪಿಟ್‌ಫೈರ್‌ನಲ್ಲಿ ತೆಗೆಯಲು ಏನಿದೆ?

ಈ ಚರ್ಚೆ ಓದಿ ಇಲ್ಲಿ ಯಾರಿಗಾದರೂ ಕೈ ತುರಿಸಿದರೆ ಒಂದು ಮಾತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅವಕಾಶ ಕೊಡುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಬ್ರಿಟನ್ನಿನಲ್ಲಿ ಇರುವವರಿಗೆ ಆ ತೊಡಕು ಇಷ್ಟು ಬಿಗಿಯಾಗಿಲ್ಲ. ಆದರೂ 40 ವರ್ಷ ದಾಟಿದ ಕಾರಿಗೆ ಸಿಗುವ ಎಂಒಟಿ (ವಾರ್ಷಿಕ ವಾಹನ ತಪಾಸಣೆ) ವಿನಾಯಿತಿ, ಇಷ್ಟು ದೊಡ್ಡ ಬದಲಾವಣೆ ಮಾಡಿದ ಕಾರಿಗೆ ಉಳಿಯುವುದಿಲ್ಲ.

ಕವೆಂಟ್ರಿ ಕನ್ನಡಿಗ

ಇಬ್ಬರಿಗೂ ವಂದನೆ. ನಿನ್ನೆ ಸೀಟನ್ನು ಕಾಲು ಮೀಟರ್ ಮುಂದೆ ಇಟ್ಟು ಕೂತು ನೋಡಿದೆ. ಗಾಜಿನ ಚೌಕಟ್ಟಿನ ವಿಷಯ ಅಕ್ಷರಶಃ ಸತ್ಯ. ಬಾಡಿಯನ್ನು ಉದ್ದ ಮಾಡಲು ನನಗೆ ಮನಸ್ಸಿಲ್ಲ. ಇಟಲಿಯ ವಿನ್ಯಾಸಕ ಜೊವಾನಿ ಮಿಕೆಲೋಟಿ ಎಳೆದ ಆ ಗೆರೆಗಾಗಿಯೇ ಈ ಕಾರು ಕೊಂಡವನು ನಾನು, ಅದರ ನಡುವೆ ಕಾಲು ಮೀಟರ್ ತಗಡು ತುಂಬಿದರೆ ಅದು ಸ್ಪಿಟ್‌ಫೈರ್ ಆಗಿ ಉಳಿಯುವುದಿಲ್ಲ. ಎಂಜಿನ್ ಮುಂದೆಯೇ ಇರಲಿ. ಆದರೆ ಕೆ-ಸೀರೀಸ್ ಅಲ್ಯೂಮಿನಿಯಮ್ಮಿನದು, ಹಳೆಯ ಕಬ್ಬಿಣದ ಎಂಜಿನ್‌ಗಿಂತ ಬಹಳ ಹಗುರ. ಅದನ್ನೇ ಉದ್ದುದ್ದ ಕೂರಿಸಿ ಸಾಧ್ಯವಾದಷ್ಟು ಹಿಂದಕ್ಕೆ ತಳ್ಳಿದರೆ?

ಷಾಸಿ ವಿನ್ಯಾಸಕ

ಮಾಡಿ, ಮನಸಾರೆ ಒಪ್ಪುತ್ತೇನೆ. ಕೇಟರ್‌ಹ್ಯಾಮ್ 7 ಎಂಬ ಕಾರಿನಲ್ಲಿ ಇದೇ ಎಂಜಿನ್ ಉದ್ದುದ್ದ ನಿಂತು ಫೋರ್ಡ್ ಟೈಪ್ 9 ಗೇರ್‌ಬಾಕ್ಸ್ ಜೊತೆ ಓಡಿದೆ, ಎರಡನ್ನೂ ಜೋಡಿಸುವ ಅದರ ಬೆಲ್‌ಹೌಸಿಂಗ್ ಹುಡುಕಿ. ಇನ್ನು ಹಿಡಿತದ ಮಾತು. ನಿಮ್ಮ ಕಾರಿನ ಹಿಂದಿನ ಆಕ್ಸಲ್ ಡಿಫರೆನ್ಷಿಯಲ್ ಬಳಿ ಮಾತ್ರ ಮಡಚುತ್ತದೆ, ಹಾಗಾಗಿ ಚಕ್ರ ಮೇಲೆ ಕೆಳಗೆ ಆದಂತೆಲ್ಲ ವಾಲುತ್ತದೆ. 1970ರಲ್ಲಿ ಬಂದ ತಿರುಗುವ ಪಟ್ಟಿ ಸ್ಪ್ರಿಂಗ್ ಅದನ್ನು ತಗ್ಗಿಸಿತು, ಪೂರ್ತಿ ಹೋಗಲಾಡಿಸಲಿಲ್ಲ. ನಿಮ್ಮ ಕಾರಿನ ಸೋದರ ಕಾರಾದ 1968ರ ಜಿಟಿ6 ಮಾರ್ಕ್ 2ರಲ್ಲಿ ಟ್ರಯಂಫ್ ಕೆಳಗೊಂದು ವಿಶ್‌ಬೋನ್ (ಚಕ್ರವನ್ನು ಹಿಡಿಯುವ ತೋಳು), ಆಕ್ಸಲ್‌ನಲ್ಲಿ ರೋಟೊಫ್ಲೆಕ್ಸ್ ರಬ್ಬರ್ ಕಪ್ಲಿಂಗ್ (ಬಾಗುವ ಕೀಲು) ಹಾಕಿತು. ಆ ಹಿಂಭಾಗದ ತತ್ತ್ವವನ್ನು ನಿಮ್ಮ ಷಾಸಿಗೆ ತನ್ನಿ. ವಿಶ್‌ಬೋನ್ ಹಿಡಿಯುವ ಬ್ರಾಕೆಟ್‌ಗಳನ್ನು ಷಾಸಿಗೆ ಬೆಸೆಯಬೇಕಾಗುತ್ತದೆ, ನಿಮ್ಮ ಕೈಗೆ ಒಪ್ಪುವ ಕೆಲಸ. ಬೆಸೆಯುವ ಮೊದಲು ಎರಡೂ ಬದಿಯ ಅಳತೆಗಳ ಚಿತ್ರ ಹಾಕಿ, ನೋಡಿ ಹೇಳುತ್ತೇನೆ.