ಸಹಾಯ ಬೇಕು: ಅನುದಾನ ಕೊಡುವ ಕಂಪನಿಯವರೇ ಕೋಚ್ ಆಗಿ ಬಂದರೆ ಗೋಪ್ಯತೆಯ ಗತಿ ಏನು?

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಸಣ್ಣ ಟ್ರಸ್ಟ್ ಒಂದಕ್ಕೆ ನಾನು ಕಾರ್ಯದರ್ಶಿ. ಸಂಸ್ಥಾಪಕರು ನಿವೃತ್ತರಾದ ಮೇಲೆ ಹೊಣೆ ಹೊತ್ತ ನಮ್ಮ ನಿರ್ದೇಶಕಿಯವರು ಶಾಲೆಗಳ ಕೆಲಸದಲ್ಲಿ ನುರಿತವರಾದರೂ, ತಮಗಿಂತ ಹಿರಿಯರಾದ ಸಹೋದ್ಯೋಗಿಗಳನ್ನು ಮುನ್ನಡೆಸುವುದು ಮತ್ತು ಟ್ರಸ್ಟಿಗಳಿಗೆ ‘ಇದು ಆಗದು’ ಎಂದು ಹೇಳುವುದು ಅವರಿಗೆ ಕಷ್ಟವಾಗುತ್ತಿದೆ. ಅನುದಾನವೆಲ್ಲ ಯೋಜನೆಗಳಿಗೇ ಮೀಸಲಾಗಿರುವುದರಿಂದ ಶುಲ್ಕ ಕೊಟ್ಟು ವೃತ್ತಿಪರ ಕೋಚಿಂಗ್ (ತರಬೇತಿ ಪಡೆದವರೊಬ್ಬರ ಜೊತೆ ಗೋಪ್ಯವಾಗಿ ಮಾತನಾಡುತ್ತ ಕೆಲಸದ ಸವಾಲುಗಳಿಗೆ ತಾವೇ ದಾರಿ ಕಂಡುಕೊಳ್ಳುವ ನೆರವು) ಪಡೆಯಲು ನಮ್ಮಲ್ಲಿ ಹಣವಿಲ್ಲ.

ನಮಗೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆರವು ನೀಡುವ ಕಂಪನಿಯೇ, ಕೋಚಿಂಗ್ ತರಬೇತಿ ಪಡೆದ ತನ್ನ ಹಿರಿಯ ಅಧಿಕಾರಿಯೊಬ್ಬರನ್ನು ಉಚಿತವಾಗಿ ಒದಗಿಸಲು ಮುಂದೆ ಬಂದಿದೆ. ಅವರ ಬಗ್ಗೆ ನಮಗೆ ಗೌರವವಿದೆ. ಆದರೆ ಸಿಬ್ಬಂದಿಯ ಅಸಮಾಧಾನವನ್ನೋ ಹಣದ ಮುಗ್ಗಟ್ಟನ್ನೋ ಅವರೆದುರು ಬಿಚ್ಚಿಟ್ಟರೆ ಮುಂದಿನ ಅನುದಾನಕ್ಕೆ ತೊಂದರೆಯಾದೀತೆಂದು ನಿರ್ದೇಶಕಿಯವರು ಹಿಂಜರಿಯುತ್ತಿದ್ದಾರೆ. ಆ ಹಿಂಜರಿಕೆ ನ್ಯಾಯವಾದದ್ದೇ, ಏಕೆಂದರೆ ಮನಬಿಚ್ಚಿ ಮಾತನಾಡಲಾಗದ ಕಡೆ ಕೋಚಿಂಗ್ ನಡೆಯುವುದಿಲ್ಲ.

ಸ್ವತಂತ್ರ ಕೋಚ್‌ಗಳನ್ನು ಹುಡುಕಿದೆವು. ಸಿಕ್ಕವರು ಇಂಗ್ಲಿಷಿನಲ್ಲಿ ಮಾತ್ರ ಮಾತನಾಡುವವರು. ಕೋಚ್‌ಗಳ ವೃತ್ತಿಸಂಸ್ಥೆಯಾದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಶನ್ನಿನ ನೀತಿಸಂಹಿತೆಯನ್ನೂ ಓದಿದೆ. ಕೋಚ್, ಕೋಚಿಂಗ್ ಪಡೆಯುವವರು ಮತ್ತು ಅದನ್ನು ಏರ್ಪಡಿಸುವವರ ನಡುವೆ ಯಾವ ಮಾಹಿತಿ ಹಂಚಿಕೆಯಾಗಬೇಕೆಂಬುದು ಮೊದಲೇ ಸ್ಪಷ್ಟವಾಗಿರಬೇಕು ಎನ್ನುತ್ತದೆ ಅದು. ನಮ್ಮಲ್ಲಿ ಏರ್ಪಡಿಸುವವರೇ ಅನುದಾನ ಕೊಡುವವರು. ಇದರ ಮೇಲೆ ನಮ್ಮ ಟ್ರಸ್ಟಿಗಳೂ ಪ್ರಗತಿ ವರದಿ ಕೇಳುತ್ತಿದ್ದಾರೆ.

ಇಂಥ ಏರ್ಪಾಡನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಕೋಚಿಂಗ್‌ನ ಮಾತುಗಳು ಅನುದಾನದ ನಿರ್ಧಾರವನ್ನಾಗಲಿ ಟ್ರಸ್ಟಿಗಳನ್ನಾಗಲಿ ತಲುಪದಂತೆ ಒಪ್ಪಂದದಲ್ಲಿ ಯಾವ ಷರತ್ತುಗಳನ್ನು ಬರೆಸಬೇಕು, ಅಥವಾ ಈ ಕೊಡುಗೆಯನ್ನು ನಯವಾಗಿ ನಿರಾಕರಿಸಿ ಕನ್ನಡ ಬಲ್ಲ ಸ್ವತಂತ್ರ ಸ್ವಯಂಸೇವಾ ಕೋಚ್‌ಗಾಗಿ ಕಾಯುವುದೇ ಸರಿಯೇ?