ರಿಪ್ರೊಡಕ್ಟಿವ್ ಟಾಕ್ಸಿಕಾಲಜಿ ಲ್ಯಾಬ್‌ನಲ್ಲಿ ಕೆಲಸ: ಮದುವೆಯಾದವರು ಸೇರಬಹುದಾ?

ಧಾರವಾಡದ_ಹುಡುಗಿ:
ನಮಸ್ಕಾರ ಎಲ್ಲರಿಗೂ. ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮುಗಿಸೀನಿ. ಬೆಂಗಳೂರಿನ ಒಂದು ಲ್ಯಾಬ್‌ನಿಂದ ರಿಸರ್ಚ್ ಅಸಿಸ್ಟೆಂಟ್ ಕೆಲಸಕ್ಕೆ ಕರೆ ಬಂದದ. ಕೀಟನಾಶಕ, ಔಷಧಿಗಳಿಂದ ಗರ್ಭಕ್ಕೆ, ಸಂತಾನಕ್ಕೆ ಏನಾಗ್ತದ ಅಂತ ಇಲಿಗಳ ಮ್ಯಾಲೆ ನೋಡೋ ವಿಭಾಗ. ಹೋದ ವರ್ಷ ಮದುವೆ ಆಯ್ತು. ನಮ್ಮ ಅತ್ತೆಯವರು “ವಿಷದ ಕೂಡ ಕೆಲಸ ಬ್ಯಾಡ” ಅಂತಾರ. ದಿನಾ ಏನು ಕೆಲಸ ಇರ್ತದ? ನಮಗ ಅಪಾಯ ಅದನೋ ಇಲ್ಲೋ? ಅಲ್ಲಿ ಇದ್ದವರು ಹೇಳ್ರಿ.

ಕೊಕ್ಕಡದವಳು:
ನಾನು ಇಂಥದ್ದೇ ಲ್ಯಾಬ್‌ನಲ್ಲಿ ಇದ್ದೇನೆ. ಮೊದಲು ಕೆಲಸದ ವಿಷಯ ಹೇಳ್ತೇನೆ.

ಬೆಳಗ್ಗೆ ಬಂದ ಕೂಡಲೇ ಸ್ಮಿಯರ್, ಅಂದರೆ ಹೆಣ್ಣಿಲಿಯ ಯೋನಿಯಿಂದ ಕೋಶ ತೆಗೆದು ನೋಡುವುದು. ವಿಸ್ಟಾರ್ ಅನ್ನುವ ಲ್ಯಾಬ್ ತಳಿಯ ಹೆಣ್ಣಿಲಿಯ ಋತುಚಕ್ರ ನಾಲ್ಕೈದು ದಿನದ್ದು. ಡ್ರಾಪರ್‌ನಲ್ಲಿ ಹನಿ ಸಲೈನ್ ಒಳಗೆ ಬಿಟ್ಟು, ವಾಪಸ್ ಎಳೆದು, ಸ್ಲೈಡಿಗೆ ಹಾಕಿ ನೋಡುವುದು. ಈಸ್ಟ್ರಸ್ (ಬೆದೆ) ಇದ್ದರೆ ನ್ಯೂಕ್ಲಿಯಸ್ ಕಳಕೊಂಡ ಕೋಶಗಳು ಅವಲಕ್ಕಿ ಚೆಲ್ಲಿದ ಹಾಗೆ ಕಾಣ್ತವೆ. ಡೈಈಸ್ಟ್ರಸ್‌ನಲ್ಲಿ, ಅಂದರೆ ಬೆದೆ ಇಲ್ಲದ ಹಂತದಲ್ಲಿ, ಹೆಚ್ಚಾಗಿ ಬಿಳಿ ರಕ್ತಕಣ. ಗಂಡಿಲಿ ಜೊತೆ ಬಿಟ್ಟ ಮರುದಿನ ಸ್ಮಿಯರ್‌ನಲ್ಲಿ ವೀರ್ಯಾಣು ಸಿಕ್ಕಿದರೆ ಅದು ಗರ್ಭದ 0ನೇ ದಿನ. ಮುಂದಿನ ಡೋಸಿಂಗ್ (ಪರೀಕ್ಷೆಯ ಔಷಧಿ ಕೊಡುವುದು), ನೆಕ್ರೋಪ್ಸಿ (ಇಲಿಯನ್ನು ಕೊಂದು ಕೊಯ್ದು ನೋಡುವುದು) ಎಲ್ಲ ಆ ದಿನದಿಂದಲೇ ಲೆಕ್ಕ.

ಹೆರಿಗೆಗೆ ಒಂದೆರಡು ದಿನ ಮೊದಲು ನೆಕ್ರೋಪ್ಸಿ. ಗರ್ಭಕೋಶ ಬಿಡಿಸಿ ಜೀವಂತ ಮರಿ ಎಷ್ಟು, ಕರಗಿಹೋದದ್ದು ಎಷ್ಟು, ಅಂಡಾಶಯದಲ್ಲಿ ಕಾರ್ಪಸ್ ಲ್ಯೂಟಿಯಮ್ (ಒಂದೊಂದು ಅಂಡ ಹೊರಬಿದ್ದ ಜಾಗದಲ್ಲಿ ಉಳಿಯುವ ಗಂಟು) ಎಷ್ಟು ಅಂತ ಎಣಿಸಬೇಕು. ಕಾರ್ಪಸ್ ಲ್ಯೂಟಿಯಮ್ 14 ಉಂಟು, ಗರ್ಭ ಕಚ್ಚಿದ ಗುರುತು ಒಂಬತ್ತೇ ಉಂಟು ಅಂದರೆ ಐದು ನಿಲ್ಲಲೇ ಇಲ್ಲ ಅಂತ ಲೆಕ್ಕ. ಸುಮಾರು ಅರ್ಧ ಮರಿಗಳ ಅಸ್ಥಿಪಂಜರಕ್ಕೆ ಅಲಿಜರಿನ್ ರೆಡ್ ಬಣ್ಣ ಕೊಡ್ತೇವೆ. ಮಾಂಸ ಗಾಜಿನಂತೆ ತಿಳಿಯಾಗಿ ಮೂಳೆ ಮಾತ್ರ ಕೆಂಪು ಕಾಣ್ತದೆ, ಒಂದು ಪಕ್ಕೆಲುಬು ಹೆಚ್ಚಿದ್ದರೂ ಸಿಗ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಭಾಗ ಇದು. ನೆಕ್ರೋಪ್ಸಿ ದಿನ ಮಾತ್ರ ಮನಸ್ಸಿಗೆ ಈಗಲೂ ಕಷ್ಟವೇ. ಅಭ್ಯಾಸ ಆಗ್ತದೆ ಅಂತ ನಿಮಗೆ ಹೇಳುದಿಲ್ಲ.

ಇನ್ನು ಅಪಾಯ. ಅತ್ತೆಯವರ ಮಾತು ತಳ್ಳಿಹಾಕಬೇಡಿ. ಡಿಬಿಸಿಪಿ ಅಂತ ಮಣ್ಣಿನ ಜಂತುಹುಳಕ್ಕೆ ಹಾಕುವ ಔಷಧಿ ಇತ್ತು. ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಗಂಡಸರು ತಮಗೆ ಮಕ್ಕಳಾಗುತ್ತಿಲ್ಲ ಅಂತ ತಾವೇ ಗಮನಿಸಿ 1977ರಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಅದರಿಂದ ಇಲಿಗಳ ವೃಷಣ ಕುಗ್ಗುತ್ತದೆ ಅಂತ 1961ರಲ್ಲೇ ಪ್ರಕಟವಾಗಿತ್ತು. ನಮ್ಮ ಕಡೆ ಗೇರುತೋಪಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಹೊಡೆದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2011ರಲ್ಲಿ. ಇಲಿಯಲ್ಲಿ ಕಂಡದ್ದನ್ನು ಹೊತ್ತಿಗೆ ಸರಿಯಾಗಿ ಜನರಿಗೆ ಹೇಳಬೇಕು ಅಂತಲೇ ನಾನು ಈ ಕೆಲಸದಲ್ಲಿ ಇರುವುದು. ಅದೇ ಎಚ್ಚರ ನಮ್ಮ ಮೈಗೂ ಬೇಕಲ್ವಾ?

ವೃಷಣ_ವಿಭಾಗ:
ಮೇಡಂ ಹೇಳಿದ್ದು ಸರಿ. ಗಂಡಸರು “ನಮಗೇನು” ಅಂದ್ಕೊಂಡು ಮಾಸ್ಕ್ ಇಲ್ಲದೆ ಪುಡಿ ತೂಗೋದನ್ನ ನೋಡಿದ್ದೀನಿ. ಮನುಷ್ಯರಲ್ಲಿ ವೀರ್ಯಾಣು ತಯಾರಾಗೋಕೆ ಎರಡು ತಿಂಗಳ ಮೇಲೆ ಬೇಕು, ಇವತ್ತು ಆದ ಪೆಟ್ಟು ಇವತ್ತೇ ಕಾಣಲ್ಲ. ಇನ್ನೊಂದು, ರಾ ಡೇಟಾ ಶೀಟಲ್ಲಿ ತಿದ್ದಬೇಕಾದ್ರೆ ಒಂದೇ ಗೆರೆ, ಕಾರಣ, ಸಹಿ, ತಾರೀಖು. ವೈಟ್ನರ್ ಮುಟ್ಟಲೇಬೇಡಿ.

ಧಾರವಾಡದ_ಹುಡುಗಿ:
ಭಾಳ ಥ್ಯಾಂಕ್ಸ್ ಅಕ್ಕಾ, ಸರ್. ಹಂಗಾದ್ರ ಗರ್ಭಿಣಿ ಅಂತ ಗೊತ್ತಾದ ಮ್ಯಾಲೆ ಹೇಳಿದ್ರ ಸಾಕೇನು?

ಕೊಕ್ಕಡದವಳು:
ಸಾಕಾಗುದಿಲ್ಲ ತಂಗಿ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳಲು ಶುರುವಾಗುವುದು ಗರ್ಭ ಕಟ್ಟಿದ ಮೂರನೇ ವಾರದಲ್ಲಿ. ಮುಟ್ಟು ತಪ್ಪಿದ್ದು ಗೊತ್ತಾಗುವುದೂ ಹೆಚ್ಚು ಕಡಿಮೆ ಆಗಲೇ. ಮಗು ಬೇಕು ಅಂತ ಯೋಚಿಸುವಾಗಲೇ ಡೋಸ್ ತಯಾರಿಸುವ ಕೋಣೆಯಿಂದ ಹೊರಗೆ ಬರಬೇಕು. ಪುಡಿ ತೂಗುವುದೇ ಎಲ್ಲಕ್ಕಿಂತ ಅಪಾಯದ ಕೆಲಸ. ಇಂಟರ್‌ವ್ಯೂನಲ್ಲಿ ನೇರ ಕೇಳಿ: ಪುಡಿ ತೂಗಲು ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆ ಎಳೆಯುವ ಗೂಡು) ಉಂಟಾ? ಕೇಳಿಕೊಂಡರೆ ಸಂಬಳ ಕಡಿಮೆ ಮಾಡದೆ ಸ್ಲೈಡ್ ಓದುವ ಕೆಲಸಕ್ಕೆ ಹಾಕ್ತಾರಾ? ಬರವಣಿಗೆಯಲ್ಲಿ ಆ ನಿಯಮ ಉಂಟಾ? ತೋರಿಸಿದರೆ ಧೈರ್ಯವಾಗಿ ಸೇರಿ. “ಅದೆಲ್ಲ ಆಮೇಲೆ ನೋಡುವ” ಅಂದರೆ ಬೇರೆ ಲ್ಯಾಬ್ ಹುಡುಕಿ, ನನಗೆ ಮೆಸೇಜ್ ಮಾಡಿ.